ಡೊನಾಲ್ಡ್ ಡಕ್ ಓದಿದ ಮಗು

1971ರಲ್ಲಿ ಚಿಲಿ ದೇಶದ ಬಂದರು ನಗರ ವಾಲ್ಪರೈಸೊದ ವಿಶ್ವವಿದ್ಯಾಲಯ ಪ್ರಕಾಶನದಿಂದ ಸ್ಪ್ಯಾನಿಷ್ ಭಾಷೆಯಲ್ಲಿ ಒಂದು ಸಣ್ಣ ಪುಸ್ತಕ ಹೊರಬಂತು. ಹೆಸರು ‘ಡೊನಾಲ್ಡ್ ಡಕ್‌ನನ್ನು ಓದುವುದು ಹೇಗೆ’. ಬರೆದವರು ಇಬ್ಬರು. ಒಬ್ಬ ಸಾಹಿತ್ಯದ ಅಧ್ಯಾಪಕ ಏರಿಯಲ್ ಡಾರ್ಫ್‌ಮನ್, ಇನ್ನೊಬ್ಬ ಬೆಲ್ಜಿಯಂನಿಂದ ಬಂದು ಚಿಲಿಯಲ್ಲಿ ನೆಲೆಸಿದ್ದ ಸಮಾಜಶಾಸ್ತ್ರಜ್ಞ ಅರ್ಮಾನ್ ಮಾತ್ಲಾರ್. ಎರಡು ವರ್ಷ ಕಳೆದು, 1973ರ ಸೆಪ್ಟೆಂಬರ್ 11ರಂದು, ಸೇನೆ ಸಾಲ್ವಡೋರ್ ಅಲೆಂಡೆಯ ಚುನಾಯಿತ ಸರ್ಕಾರವನ್ನು ಉರುಳಿಸಿತು. ಅದಾದ ಕೆಲವೇ ದಿನಗಳಲ್ಲಿ, ತಲೆಮರೆಸಿಕೊಂಡಿದ್ದ ಡಾರ್ಫ್‌ಮನ್ ಟೀವಿಯಲ್ಲಿ ಒಂದು ದೃಶ್ಯ ನೋಡಿದ. ಸೈನಿಕರು ಪುಸ್ತಕಗಳ ರಾಶಿಗೆ ಬೆಂಕಿ ಹಚ್ಚುತ್ತಿದ್ದರು, ಆ ರಾಶಿಯಲ್ಲಿ ಅವನ ಪುಸ್ತಕವೂ ಇತ್ತು. ಅದರ ಹೊಸ ಮುದ್ರಣದ ಪ್ರತಿಗಳನ್ನು ನೌಕಾಪಡೆ ವಾಲ್ಪರೈಸೊ ಕೊಲ್ಲಿಗೆ ಸುರಿಯಿತು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕಲಾ ಇತಿಹಾಸಕಾರ ಡೇವಿಡ್ ಕನ್ಜ್ಲ್ ಇದನ್ನು ಇಂಗ್ಲಿಷಿಗೆ ತಂದ. ಲಂಡನ್ನಿನಲ್ಲಿ ಅಚ್ಚಾದ 4000ದಷ್ಟು ಪ್ರತಿಗಳು 1975ರಲ್ಲಿ ನ್ಯೂಯಾರ್ಕ್ ಬಂದರಿಗೆ ಬಂದಾಗ ಅಮೆರಿಕದ ಸುಂಕದ ಇಲಾಖೆ ತಡೆದು ನಿಲ್ಲಿಸಿತು. ಪುಸ್ತಕದಲ್ಲಿ ಡಿಸ್ನಿ ಕಾಮಿಕ್ಸಿನ ಚಿತ್ರಗಳಿದ್ದವು, ಅವಕ್ಕೆ ಡಿಸ್ನಿ ಕಂಪನಿಯ ಅನುಮತಿ ಇರಲಿಲ್ಲ. ಕೃತಿಸ್ವಾಮ್ಯದ ಪ್ರಶ್ನೆಯಲ್ಲಿ ಕೊನೆಗೆ ತೀರ್ಪು ಪುಸ್ತಕದ ಪರವಾಗಿಯೇ ಬಂತು. ಆದರೆ ಹೊರದೇಶದಲ್ಲಿ ಅಚ್ಚಾದ ಇಂಗ್ಲಿಷ್ ಪುಸ್ತಕಗಳ ಬಗ್ಗೆ ಇದ್ದ ಯಾವುದೋ ಹಳೆಯ ಕಾಯಿದೆಯ ಪ್ರಕಾರ 1500 ಪ್ರತಿಗಳಿಗೆ ಮಾತ್ರ ಒಳಗೆ ಬರಲು ಅವಕಾಶ ಸಿಕ್ಕಿತು. ಚಿಲಿಯಲ್ಲಿ ಬೆಂಕಿ ಮಾಡಿದ್ದನ್ನು ಅಮೆರಿಕದಲ್ಲಿ ಫೈಲು ಮಾಡಿತು. ಒಂದು ಕಾರ್ಟೂನ್ ಬಾತುಕೋಳಿಯ ಬಗ್ಗೆ ಬರೆದ ಪುಸ್ತಕಕ್ಕೆ ಎರಡು ದೇಶಗಳು ಇಷ್ಟು ತಲೆ ಕೆಡಿಸಿಕೊಂಡದ್ದು ಸಾಹಿತ್ಯ ವಿಮರ್ಶೆಯ ಚರಿತ್ರೆಯಲ್ಲಿ ಬೇರೆ ಇದೆಯೋ ಇಲ್ಲವೋ. ವಿಮರ್ಶೆಯಿಂದ ಏನೂ ಆಗುವುದಿಲ್ಲ ಎನ್ನುವ ಗೆಳೆಯರಿಗೆ ನಾನು ಈ ಕಥೆ ಹೇಳುತ್ತಿರುತ್ತೇನೆ.

ಅಮೆರಿಕನ್ ಸಂಸ್ಕೃತಿ ಜಗತ್ತನ್ನು ಹೇಗೆ ನುಂಗುತ್ತಿದೆ ಎಂಬ ಚರ್ಚೆ ನಮ್ಮ ವಿಚಾರ ಸಂಕಿರಣಗಳಲ್ಲಿ ಎದ್ದಾಗಲೆಲ್ಲ ನನಗೆ ಈ ಪುಸ್ತಕ ನೆನಪಾಗುತ್ತದೆ. ಇದನ್ನು ಓದದವರೂ, ಇದರ ಹೆಸರೇ ಕೇಳದವರೂ ಅಲ್ಲಿ ಆಡುವುದು ಬಹುಮಟ್ಟಿಗೆ ಇದರದೇ ಮಾತು. ಸಿನಿಮಾ, ಕಾಮಿಕ್ಸು, ಹಾಡು, ಜೀನ್ಸು, ಬರ್ಗರ್ ಎಲ್ಲ ಮೇಲುನೋಟಕ್ಕೆ ಮೋಜು, ಒಳಗೆ ಸಾಮ್ರಾಜ್ಯ. ನೋಡುವವನಿಗೆ ಗೊತ್ತಾಗದಂತೆ ಅವನ ಕನಸುಗಳನ್ನು ಬದಲಾಯಿಸಲಾಗುತ್ತಿದೆ. ವಾದ ಸುಳ್ಳಲ್ಲ. ಆದರೆ ಅದರೊಳಗೆ ಒಬ್ಬರು ಕಾಣೆಯಾಗಿದ್ದಾರೆ. ಆ ಕಾಣೆಯಾದವರನ್ನು ಹುಡುಕುವುದಕ್ಕಾಗಿ ನಾನು ಈ ಪುಸ್ತಕಕ್ಕೆ ಮತ್ತೆ ಮತ್ತೆ ಹೋಗುತ್ತೇನೆ.

ಮೊದಲು ಪುಸ್ತಕದ ಬಲವನ್ನು ಹೇಳಬೇಕು. ಡಕ್‌ಬರ್ಗ್ ಎಂಬ ಆ ಊರಿನಲ್ಲಿ ತಂದೆತಾಯಿಗಳೇ ಇಲ್ಲ ಎಂಬುದನ್ನು ಇಷ್ಟು ಗಂಭೀರವಾಗಿ ಗಮನಿಸಿದವರಲ್ಲಿ ಡಾರ್ಫ್‌ಮನ್ ಮತ್ತು ಮಾತ್ಲಾರ್ ಮೊದಲಿಗರು. ಅಲ್ಲಿ ಇರುವವರೆಲ್ಲ ಮಾವಂದಿರು, ಅಳಿಯಂದಿರು, ಎಂದೂ ಮದುವೆಯಾಗದ ಪ್ರೇಮಿಗಳು. ಯಾರೂ ಹುಟ್ಟುವುದಿಲ್ಲ, ಯಾರೂ ಹೆರುವುದಿಲ್ಲ. ಹಾಗೆಯೇ ಅಲ್ಲಿ ಯಾರೂ ಏನನ್ನೂ ತಯಾರಿಸುವುದಿಲ್ಲ. ಸ್ಕ್ರೂಜ್‌ನ ಕಣಜದಲ್ಲಿ ಚಿನ್ನ ತುಂಬಿ ತುಳುಕುತ್ತದೆ, ಆದರೆ ಆ ಚಿನ್ನವನ್ನು ಅಗೆದು ತೆಗೆದ ಕೈ ಯಾವ ಪುಟದಲ್ಲೂ ಕಾಣುವುದಿಲ್ಲ. ಸಂಪತ್ತು ಎಂದರೆ ಯಾವುದೋ ದೂರದ ಕಾಡಿನಲ್ಲಿ, ಯಾವುದೋ ಪುರಾತನ ದೇಗುಲದಲ್ಲಿ, ಯಾರಿಗೂ ಸೇರದೆ ಬಿದ್ದಿರುವ ನಿಧಿ. ಅಲ್ಲಿಯ ಜನರಿಗೆ ಅದರ ಬೆಲೆ ಗೊತ್ತಿಲ್ಲ. ಅವರು ದೊಡ್ಡ ದೇಹದ ಮಕ್ಕಳು. ಬಾತುಕೋಳಿಗಳು ಹೋಗಿ ಅವರಿಗೆ ಅಗ್ಗದ ಆಟಿಕೆ ಏನನ್ನೋ ಕೊಟ್ಟು, ಅವರ ನಗುವನ್ನೂ ನಿಧಿಯನ್ನೂ ತೆಗೆದುಕೊಂಡು ಮನೆಗೆ ಬರುತ್ತವೆ. ವಿಯೆಟ್ನಾಂ ಯುದ್ಧದ ಕಾಲದ ಒಂದು ಕಥೆಯಲ್ಲಿ ‘ಅನ್‌ಸ್ಟೆಡಿಸ್ತಾನ್’ ಎಂಬ ಏಷ್ಯಾದ ದೇಶವೊಂದಿದೆ. ಅಲ್ಲಿ ದಂಗೆ ಎದ್ದಿರುವವನ ಹೆಸರು ‘ವಾನ್ ಬೀಗ್ ರಾಟ್’. ಜೋರಾಗಿ ಓದಿಕೊಂಡರೆ ಇಂಗ್ಲಿಷಿನಲ್ಲಿ ‘ಒಂದು ದೊಡ್ಡ ಹೆಗ್ಗಣ’ ಎಂದು ಕೇಳಿಸುತ್ತದೆ. ಇಂಥದ್ದನ್ನು ನೋಡಿದ ಮೇಲೂ ಇದು ಬರೀ ಮಕ್ಕಳ ತಮಾಷೆ ಎನ್ನುವವರೊಡನೆ ವಾದ ಮಾಡಿ ಪ್ರಯೋಜನವಿಲ್ಲ.

ಪುಸ್ತಕ ಬರೆದ ಕಾಲವನ್ನೂ ಮರೆಯಬಾರದು. 1971ರ ಜುಲೈಯಲ್ಲಿ ಅಲೆಂಡೆಯ ಸರ್ಕಾರ ಅಮೆರಿಕನ್ ಕಂಪನಿಗಳ ಕೈಯಲ್ಲಿದ್ದ ತಾಮ್ರದ ಗಣಿಗಳನ್ನು ರಾಷ್ಟ್ರೀಕರಣ ಮಾಡಿತ್ತು. ಅಮೆರಿಕ ಸಾಲ ನಿಲ್ಲಿಸಿತು, ಬಿಡಿಭಾಗಗಳು ಬಾರದಾದವು. ಈ ಕಟ್ಟುನಿಟ್ಟಿನ ನಡುವೆಯೂ ಎರಡು ಬಗೆಯ ಸರಕುಗಳು ಮಾತ್ರ ಅಡ್ಡಿಯಿಲ್ಲದೆ ಬರುತ್ತಿದ್ದವು ಎಂದು ಇಂಗ್ಲಿಷ್ ಆವೃತ್ತಿಯ ಮುನ್ನುಡಿಯಲ್ಲಿ ಲೇಖಕರು ನೆನಪಿಸುತ್ತಾರೆ. ಒಂದು, ಚಿಲಿಯ ಸೇನೆಗೆ ಬೇಕಾದ ಯುದ್ಧಸಾಮಗ್ರಿ. ಇನ್ನೊಂದು, ಪತ್ರಿಕೆ, ಟೀವಿ ಧಾರಾವಾಹಿ, ಜಾಹೀರಾತು, ಕಾಮಿಕ್ಸು. ಇಡೀ ಪುಸ್ತಕದಲ್ಲಿ ನನ್ನನ್ನು ಇಂದಿಗೂ ಬೆಚ್ಚಿಬೀಳಿಸುವ ಸಂಗತಿ ಇದೇ. ಪೈಪೋಟಿಯ ಮಾರುಕಟ್ಟೆಯಲ್ಲಿ ಜನರ ಆಯ್ಕೆಯಿಂದ ಅಮೆರಿಕನ್ ಸಂಸ್ಕೃತಿ ಗೆದ್ದಿತು ಎಂದು ಹೇಳುವವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು. ಬಂದೂಕು ಮತ್ತು ಬಾತುಕೋಳಿ ಒಂದೇ ದಾರಿಯಲ್ಲಿ ಬಂದವು.

ಇಷ್ಟೆಲ್ಲ ಒಪ್ಪಿಕೊಂಡು ಒಮ್ಮೆ ನಾನು ಈ ಪುಸ್ತಕವನ್ನು ತರಗತಿಯಲ್ಲಿ ಉತ್ಸಾಹದಿಂದಲೇ ಪಾಠ ಮಾಡುತ್ತಿದ್ದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: “ಮೇಡಂ, ಇದು ಮಕ್ಕಳ ಬಗ್ಗೆ ಬರೆದ ಪುಸ್ತಕ ಅಲ್ವಾ? ಇದರಲ್ಲಿ ಒಂದು ಮಗುನೂ ಮಾತಾಡೋದೇ ಇಲ್ವಲ್ಲ?”

ಹೌದು. ನೂರರಷ್ಟು ಕಾಮಿಕ್ಸು ಪುಸ್ತಕಗಳನ್ನು ಗುಡ್ಡೆ ಹಾಕಿಕೊಂಡು ಕೂತ ಲೇಖಕರು ಅವನ್ನು ಓದುವ ಒಂದೇ ಒಂದು ಮಗುವನ್ನೂ ಮಾತಾಡಿಸಲಿಲ್ಲ. ಮಗು ಇಲ್ಲಿ ಒಂದು ಖಾಲಿ ಪಾತ್ರೆ. ಮೇಲಿನಿಂದ ಸುರಿದದ್ದನ್ನು ಹನಿ ಚೆಲ್ಲದಂತೆ ತುಂಬಿಕೊಳ್ಳುತ್ತದೆ. ವಿಚಿತ್ರವೇನೆಂದರೆ, ಮೂರನೇ ಜಗತ್ತಿನ ಜನರನ್ನು ಡಿಸ್ನಿ ಬುದ್ಧಿ ಬಲಿಯದ ಮಕ್ಕಳಂತೆ ಚಿತ್ರಿಸಿದ್ದಾನೆ ಎಂದು ಕೋಪಿಸಿಕೊಳ್ಳುವ ಪುಸ್ತಕವೇ ಆ ಜಗತ್ತಿನ ಮಕ್ಕಳನ್ನು ಕಾಣುವುದೂ ಅದೇ ಬಗೆಯಲ್ಲಿ. ಕೊಟ್ಟದ್ದನ್ನು ನಂಬುವವರು, ತಮಾಷೆಯನ್ನು ತಮಾಷೆ ಎಂದು ತಿಳಿಯದವರು.

ಆ ಪ್ರಶ್ನೆಯ ನಂತರ ತರಗತಿಯಲ್ಲಿ ನಡೆದ ಮಾತು ಪುಸ್ತಕಕ್ಕಿಂತ ಸ್ವಾರಸ್ಯವಾಗಿತ್ತು. ಅಪ್ಪ ಅಮ್ಮ ಇಲ್ಲದ, ಮಾವಂದಿರೇ ಆಳುವ ಸಂಸಾರ ಲೇಖಕರಿಗೆ ತಣ್ಣಗಿನ, ನಿರ್ದಯವಾದ, ಬರೀ ಅಧಿಕಾರದ ಸಂಬಂಧವಾಗಿ ಕಂಡಿದೆ. ಇಂಗ್ಲಿಷಿನ ಅಂಕಲ್, ಸ್ಪ್ಯಾನಿಷಿನ ತೀಯೊ ಎರಡೂ ಚಿಕ್ಕಪ್ಪ, ದೊಡ್ಡಪ್ಪ, ಮಾವ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತವೆ. ಆದರೆ ಆ ಮೂರು ಮರಿಗಳು ಡೊನಾಲ್ಡನ ತಂಗಿಯ ಮಕ್ಕಳು, ಡೊನಾಲ್ಡ್ ಸ್ಕ್ರೂಜ್‌ನ ತಂಗಿಯ ಮಗ. ಅಂದರೆ ಕನ್ನಡದಲ್ಲಿ ಇಬ್ಬರೂ ಸೋದರಮಾವಂದಿರು. ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಹೋಗಿ ಸೋದರಮಾವನ ಹೆಗಲೇರಿ ಜಾತ್ರೆ ನೋಡಿದ ಮಗುವಿಗೆ ಆ ಸಂಸಾರದಲ್ಲಿ ಕೊರತೆಯೇನೂ ಕಾಣಲಾರದು, ಅದು ವರ್ಷವಿಡೀ ರಜೆಯಂತೆ ಕಂಡೀತು. ಮಂಗಳೂರಿನ ಕಡೆಯ ಹುಡುಗನೊಬ್ಬ ಇನ್ನೂ ಮುಂದೆ ಹೋದ. ಮಾವನ ಆಸ್ತಿ ತಂಗಿಯ ಮಗನಿಗೆ, ಅವನದು ಅವನ ತಂಗಿಯ ಮಕ್ಕಳಿಗೆ, ಇದು ನೇರ ಅಳಿಯಸಂತಾನ ಕಟ್ಟು, ಸ್ಕ್ರೂಜ್ ನಮ್ಮ ಊರಿನ ಯಜಮಾನ ಎಂದು ನಗಿಸಿದ. ನಕ್ಕೆವು ನಿಜ. ಆದರೆ ಆ ಹುಡುಗ ಮಾಡಿದ್ದು ಓದು. ಕ್ಯಾಲಿಫೋರ್ನಿಯಾದಿಂದ ಹೊರಟ ಬಾತುಕೋಳಿ ತುಳುನಾಡಿಗೆ ಬರುವಷ್ಟರಲ್ಲಿ ಬೇರೆ ಮನೆತನದ್ದಾಗಿತ್ತು.

ಪುಸ್ತಕದ ಉದ್ದಕ್ಕೂ ಲೇಖಕನ ಜಾಗದಲ್ಲಿರುವುದು ‘ಡಿಸ್ನಿ’ ಎಂಬ ಒಂದೇ ಹೆಸರು. ಆ ಕಥೆಗಳಲ್ಲಿ ಅತ್ಯುತ್ತಮವಾದವನ್ನು ಬರೆದು ಚಿತ್ರಿಸಿದವನು ಕಾರ್ಲ್ ಬಾರ್ಕ್ಸ್. ಆರೆಗಾನ್‌ನ ರೈತನ ಮಗ. ಡಿಸ್ನಿ ಸ್ಟುಡಿಯೋದ ಕೆಲಸ ಬಿಟ್ಟು 1942ರಲ್ಲಿ ಕೋಳಿ ಸಾಕಲು ಹೊರಟವನು. ಪುಟಕ್ಕೆ ಇಷ್ಟು ಎಂದು ಕೂಲಿ ಪಡೆದು ಬಾತುಕೋಳಿ ಕಥೆ ಬರೆದ, ಗೌರವಧನದ ಪಾಲಿಲ್ಲ, ಮುಖಪುಟದಲ್ಲಿ ಹೆಸರಿಲ್ಲ. ಹೆಸರು ತಿಳಿಯದ ಓದುಗರು ಅವನನ್ನು ‘ಒಳ್ಳೆಯ ಬಾತುಕೋಳಿ ಬರೆಯುವವನು’ ಎಂದಷ್ಟೇ ಗುರುತಿಸುತ್ತಿದ್ದರು. ದೂರದೇಶಗಳ ಚಿತ್ರಗಳಿಗೆ ಅವನ ಆಧಾರ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ. ಅವನು ಅಮೆರಿಕ ಬಿಟ್ಟು ಹೊರಗೆ ಕಾಲಿಟ್ಟದ್ದು 1994ರಲ್ಲಿ, ತನ್ನ 93ನೇ ವಯಸ್ಸಿನಲ್ಲಿ. ಶ್ರಮವನ್ನು ಮರೆಮಾಚುವ ಕಥೆಗಳು ಎಂದು ಡಾರ್ಫ್‌ಮನ್ ದೂರಿದ್ದು ಸರಿ. ಮರೆಯಾದ ಆ ಶ್ರಮಿಕರಲ್ಲಿ ಕಥೆ ಬರೆದವನೂ ಒಬ್ಬ ಎಂಬುದು ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ.

ಬಾರ್ಕ್ಸ್ 1949ರಲ್ಲಿ ಬರೆದ ಆಂಡಿಸ್ ಪರ್ವತಗಳ ಕಥೆಯೊಂದಿದೆ. ನಾನು ಅದನ್ನು ಹತ್ತಾರು ಸಲ ಓದಿದ್ದೇನೆ. ಡೊನಾಲ್ಡ್ ಒಂದು ವಸ್ತುಸಂಗ್ರಹಾಲಯದಲ್ಲಿ ಕಸ ಗುಡಿಸುವವರಲ್ಲಿ ನಾಲ್ಕನೆಯವನು. ಅಲ್ಲಿಟ್ಟಿದ್ದ ಚೌಕಾಕಾರದ ಕಲ್ಲೊಂದು ಕೈತಪ್ಪಿ ಒಡೆದಾಗ ಅದು ಕಲ್ಲಲ್ಲ, ಮೊಟ್ಟೆ ಎಂದು ಗೊತ್ತಾಗುತ್ತದೆ. ಚೌಕದ ಮೊಟ್ಟೆ ಇಡುವ ಕೋಳಿ ಸಿಕ್ಕರೆ ಜೋಡಿಸಲು ಎಷ್ಟು ಸುಲಭ, ಸಾಗಿಸಲು ಎಷ್ಟು ಲಾಭ! ತಂಡ ಆಂಡಿಸ್‌ಗೆ ಹೊರಡುತ್ತದೆ. ಮಂಜು ಮುಸುಕಿದ ಕಣಿವೆಯೊಂದರಲ್ಲಿ ಅವರಿಗೆ ಒಂದು ನಾಡು ಸಿಗುತ್ತದೆ. ಮನೆ ಚೌಕ, ಕೋಳಿ ಚೌಕ, ಜನರೂ ಹೆಚ್ಚುಕಡಿಮೆ ಚೌಕ. ದುಂಡಗಿನದನ್ನು ಏನಾದರೂ ಮಾಡಿದವರಿಗೆ ಕಲ್ಲಿನ ಗಣಿಯಲ್ಲಿ ಜೀವಾವಧಿ ದುಡಿಮೆ. ಆ ನಾಡಿನ ಹೆಸರೇ ‘ಪ್ಲೇನ್ ಆಫುಲ್’, ಅಂದರೆ ಒಂದು ಇಂಗ್ಲಿಷ್ ಬೈಗುಳ. ಇವೆಲ್ಲಕ್ಕಿಂತ ದೊಡ್ಡ ಆಶ್ಚರ್ಯ ಅವರ ಮಾತು. ಆಂಡಿಸ್‌ನ ಆ ಮೂಲನಿವಾಸಿಗಳು ಮಾತಾಡುವುದು ಅಮೆರಿಕದ ದಕ್ಷಿಣ ರಾಜ್ಯಗಳ ರಾಗದ ಇಂಗ್ಲಿಷ್. ಬಹಳ ಹಿಂದೆ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಿಂದ ಪ್ರೊಫೆಸರನೊಬ್ಬ ದಾರಿ ತಪ್ಪಿ ಅಲ್ಲಿಗೆ ಬಂದಿದ್ದನಂತೆ. ಅವನು ಕಲಿಸಿಹೋದ ಭಾಷೆ ಅದು.

ಈ ಕಥೆಯನ್ನು ಕನ್ನಡಕ್ಕೆ ತರುವುದಾದರೆ ಏನು ಮಾಡಬಹುದು ಎಂದು ಯೋಚಿಸಿದ್ದೇನೆ. ಮಂಜಿನೊಳಗಿಂದ ಚೌಕ ಮುಖದ ಮನುಷ್ಯನೊಬ್ಬ ಬಂದು “ಏನ್ರೀಪಾ, ಆರಾಮ ಅದೀರೇನ್ರೀ?” ಎನ್ನಬೇಕು. ಧಾರವಾಡದ ಯಾವನೋ ಮೇಷ್ಟರು ದಾರಿ ತಪ್ಪಿ ಅಲ್ಲಿಗೆ ಹೋಗಿದ್ದ ಎಂದು ಆಮೇಲೆ ಗೊತ್ತಾಗಬೇಕು. ಆಗ ಮಾತ್ರ ಬಾರ್ಕ್ಸ್ ಮಾಡಿದ ತಮಾಷೆಯ ಮೊನಚು ತಿಳಿಯುತ್ತದೆ. ಅಮೆರಿಕನ್ ಪ್ರಭಾವ ಎಂದರೆ ಏನೆಂಬುದನ್ನು ಇದಕ್ಕಿಂತ ಚುರುಕಾಗಿ ಹೇಳಿದ ಚಿತ್ರ ನನಗೆ ಗೊತ್ತಿಲ್ಲ. ಒಬ್ಬ ಪ್ರೊಫೆಸರ್ ಬಂದುಹೋದದ್ದಕ್ಕೆ ಇಡೀ ನಾಡಿನ ನಾಲಿಗೆ ಹೊರಳಿದೆ, ಅದೂ ಅಮೆರಿಕನ್ನರೇ ಹಳ್ಳಿಗಮಾರರ ಮಾತು ಎಂದು ನಗುವ ರಾಗಕ್ಕೆ! ಕೊನೆಗೆ ಬಾತುಕೋಳಿಗಳು ಅವರಿಗೆ ಒಂದು ಅಮೆರಿಕನ್ ಕುಣಿತ ಕಲಿಸಿ, ಎರಡು ಚೌಕ ಕೋಳಿಗಳನ್ನು ಹೊತ್ತುಕೊಂಡು ಊರಿಗೆ ಬರುತ್ತವೆ. ಎರಡೂ ಹುಂಜ. ಲಾಭ ಸೊನ್ನೆ.

ಇದನ್ನು ಬರೆದವನು ಸಾಮ್ರಾಜ್ಯಶಾಹಿಯ ವಿರೋಧಿಯಾಗಿದ್ದ ಎಂದು ನಾನು ಸಾಧಿಸಹೊರಟಿಲ್ಲ. ಅದೇ ಬಾರ್ಕ್ಸ್ ‘ಅನ್‌ಸ್ಟೆಡಿಸ್ತಾನ್’ ಕಥೆಯನ್ನೂ ಬರೆದ. ಒಬ್ಬನೇ ಮನುಷ್ಯ, ಒಂದೇ ಕೂಲಿ, ಎರಡು ಬಗೆಯ ಕಥೆ. ಜನಪ್ರಿಯ ಕೃತಿಗಳು ಬಹುಮಟ್ಟಿಗೆ ಹೀಗೆಯೇ. ತಮ್ಮ ಕಾಲದ ಕುರುಡನ್ನೂ ಹೊತ್ತಿರುತ್ತವೆ, ಆ ಕುರುಡನ್ನು ನೋಡಿ ನಗುವ ಕಣ್ಣನ್ನೂ. ಕುರುಡನ್ನು ಮಾತ್ರ ಪಟ್ಟಿ ಮಾಡುವ ವಿಮರ್ಶೆ ಅರ್ಧ ಕೆಲಸ ಮಾಡಿ ಮನೆಗೆ ಹೋದಂತೆ.

ಪ್ರಭಾವಕ್ಕೆ ಉತ್ತರ ಕೊಡುವ ಬೇರೆ ದಾರಿಯೂ ಚಿಲಿಯಲ್ಲಿತ್ತು. ಅದೂ ಡಿಸ್ನಿಯಿಂದಲೇ ಶುರುವಾಗುತ್ತದೆ. 1941ರಲ್ಲಿ ವಾಲ್ಟ್ ಡಿಸ್ನಿ ತನ್ನ ಕಲಾವಿದರ ತಂಡ ಕಟ್ಟಿಕೊಂಡು ದಕ್ಷಿಣ ಅಮೆರಿಕ ಸುತ್ತಿದ. ಇದರ ಹಿಂದೆ ಇದ್ದದ್ದು ನೆಲ್ಸನ್ ರಾಕ್‌ಫೆಲರ್ ಮುಖ್ಯಸ್ಥನಾಗಿದ್ದ ಅಮೆರಿಕ ಸರ್ಕಾರದ ಕಚೇರಿ. ಮಹಾಯುದ್ಧದ ಸಮಯ, ನೆರೆಯ ದೇಶಗಳು ಜರ್ಮನಿಯ ಕಡೆ ವಾಲಬಾರದು ಎಂಬುದು ಉದ್ದೇಶ. ಇದರಿಂದ ಹುಟ್ಟಿದ ಚಿತ್ರ ‘ಸಲೂದೋಸ್ ಅಮೀಗೋಸ್’ 1942ರಲ್ಲಿ ರಿಯೊ ಡಿ ಜನೈರೊದಲ್ಲಿ ತೆರೆಕಂಡಿತು. ಬ್ರೆಜಿಲ್‌ಗೆ ಅದರಲ್ಲಿ ಸಿಕ್ಕಿದ್ದು ಟೋಪಿ ಹಾಕಿ, ಚುಟ್ಟಾ ಸೇದುತ್ತಾ ಸಾಂಬಾ ಕುಣಿಯುವ ಷೋಕಿಯ ಗಿಳಿ. ಚಿಲಿಗೆ ಸಿಕ್ಕಿದ್ದು ಪೆದ್ರೊ ಎಂಬ ಪುಟ್ಟ ವಿಮಾನ. ಅದು ಅಂಚೆ ಚೀಲ ಹೊತ್ತು ಆಂಡಿಸ್ ದಾಟಲು ಏದುಸಿರು ಬಿಡುತ್ತದೆ. ಅಷ್ಟು ಕಷ್ಟಪಟ್ಟು ತಂದ ಚೀಲದಲ್ಲಿ ಇದ್ದದ್ದು ಒಂದೇ ಒಂದು ಕಾರ್ಡು.

ಚಿಲಿಯ ವ್ಯಂಗ್ಯಚಿತ್ರಕಾರ ರೆನೆ ರಿಯೋಸ್‌ಗೆ (‘ಪೆಪೊ’ ಎಂಬುದು ಅವನ ಸಹಿ) ಈ ಪುಟ್ಟ ವಿಮಾನ ಹಿಡಿಸಲಿಲ್ಲ ಎಂದು ಹೇಳುತ್ತಾರೆ. 1949ರಲ್ಲಿ ಅವನು ಚಿಲಿಯ ರಾಜಲಾಂಛನದಲ್ಲಿರುವ ಕಾಂಡೋರ್ ಹದ್ದನ್ನು ನೆಲಕ್ಕಿಳಿಸಿ ‘ಕೊಂಡೋರಿಟೊ’ ಎಂಬ ಪಾತ್ರ ಮಾಡಿದ. ಕಾಲಿಗೆ ಹಳ್ಳಿಗರ ಚಪ್ಪಲಿ, ತೇಪೆ ಹಾಕಿದ ಚಡ್ಡಿ. ಕೆಲಸ ಸಿಕ್ಕರೆ ಮಾಡುತ್ತಾನೆ, ಸಿಗದಿದ್ದರೆ ಸಾಲ ಮಾಡುತ್ತಾನೆ, ಅವನಿಗೊಬ್ಬ ಪ್ರೇಯಸಿ, ಅವಳಿಗೆ ಸಿಡುಕು ತಾಯಿ. ಪ್ರತಿ ತಮಾಷೆಯ ಕೊನೆಯಲ್ಲೂ ಯಾರೋ ಒಬ್ಬರು ‘ಪ್ಲೊಪ್!’ ಎಂದು ಕಾಲು ಮೇಲಾಗಿ ಹಿಂದಕ್ಕೆ ಬೀಳುತ್ತಾರೆ. ಬಟ್ಟೆ ತೊಟ್ಟು ಮನುಷ್ಯನಂತೆ ನಡೆಯುವ ಹಕ್ಕಿ, ಗೆಳೆಯರ ಗುಂಪು, ಒಂದು ಕಲ್ಪಿತ ಊರು: ಅಚ್ಚು ಪೂರ್ತಿ ಡಿಸ್ನಿಯದು. ಎರಕ ಮಾತ್ರ ಚಿಲಿಯದು. ಡಕ್‌ಬರ್ಗ್‌ನಲ್ಲಿ ಯಾರಿಗೂ ಇಲ್ಲದ ಬಡತನ ಇಲ್ಲಿ ಚೌಕಟ್ಟು ಚೌಕಟ್ಟಿನಲ್ಲೂ ಇದೆ. ಕೊಂಡೋರಿಟೊ ಹಲವು ದಶಕಗಳ ಕಾಲ ಲ್ಯಾಟಿನ್ ಅಮೆರಿಕದ ತುಂಬ ಓದಿಸಿಕೊಂಡ. ಅಲೆಂಡೆ ಸರ್ಕಾರದ ಪ್ರಕಾಶನ ಸಂಸ್ಥೆ ಕಿಮಾಂತು ಅಗ್ಗದ ಬೆಲೆಗೆ ಅದ್ಭುತ ಪುಸ್ತಕಗಳನ್ನು ಅಚ್ಚುಹಾಕಿತು. ಡಿಸ್ನಿಗೆ ಎದುರಾಗಿ ‘ಕಬ್ರೋಚಿಕೊ’ ಎಂಬ ಮಕ್ಕಳ ಪತ್ರಿಕೆಯನ್ನೂ ತಂದಿತು. ಅದು ಬಹುಕಾಲ ಬಾಳಲಿಲ್ಲ. ಒಳ್ಳೆಯ ಉದ್ದೇಶವೊಂದನ್ನೇ ನಂಬಿ ಮಕ್ಕಳ ಪತ್ರಿಕೆ ನಡೆಸಿದ ಎಲ್ಲರಿಗೂ ಈ ಸಂಕಟ ಗೊತ್ತು.

ಓದುಗರನ್ನು ಮಾತಾಡಿಸುವ ಕೆಲಸವನ್ನು ಮುಂದೆ ಬೇರೆಯವರು ಮಾಡಿದರು. 1980ರ ದಶಕದಲ್ಲಿ ‘ಡಲ್ಲಾಸ್’ ಎಂಬ ಅಮೆರಿಕನ್ ಧಾರಾವಾಹಿ ಜಗತ್ತನ್ನು ಆಳುತ್ತಿದ್ದಾಗ ತಮಾರ್ ಲೀಬ್ಸ್ ಮತ್ತು ಎಲಿಹು ಕ್ಯಾಟ್ಸ್ ಎಂಬ ವಿದ್ವಾಂಸರು ಇಸ್ರೇಲಿನಲ್ಲಿ ಅರಬರು, ಮೊರಾಕೊ ಮೂಲದ ಯಹೂದಿಗಳು, ರಷ್ಯಾದಿಂದ ವಲಸೆ ಬಂದವರು, ಕಿಬ್ಬುಟ್ಜ್ ನಿವಾಸಿಗಳು ಹೀಗೆ ಬೇರೆ ಬೇರೆ ಗುಂಪುಗಳೊಡನೆ ಕೂತು ಅದನ್ನು ನೋಡಿ, ನೋಡಿದವರ ಮಾತನ್ನು ಬರೆದುಕೊಂಡರು. ಒಂದು ಕಂತಿನಲ್ಲಿ ನಾಯಕಿ ಗಂಡನನ್ನು ಬಿಟ್ಟು ಮಗುವಿನೊಂದಿಗೆ ತನ್ನ ಹಳೆಯ ಪ್ರಿಯಕರನ ಮನೆಗೆ ಹೋಗುತ್ತಾಳೆ. ಆ ಮನೆಯಲ್ಲಿ ಪ್ರಿಯಕರನ ತಂದೆಯೂ ಇದ್ದಾನೆ. ಅರಬರ ಒಂದು ಗುಂಪು ಇದನ್ನು ತಿಳಿದುಕೊಂಡದ್ದು ಹೀಗೆ: ಅವಳು ಹೋದದ್ದು ತನ್ನ ತಂದೆಯ ಮನೆಗೆ. ಗಂಡನ ಮನೆಯಲ್ಲಿ ನೊಂದ ಹೆಣ್ಣು ಇನ್ನೆಲ್ಲಿಗೆ ಹೋದಾಳು? ಕನ್ನಡದ ಯಾವ ಹೆಂಗಸಿಗಾದರೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟೆಕ್ಸಾಸಿನ ಹೆಣ್ಣಿಗೂ ಅವರು ಒಂದು ತವರು ಮಾಡಿಕೊಟ್ಟರು.

ಇಂಥ ಅಧ್ಯಯನಗಳು ಬಂದ ಮೇಲೆ ಗಾಳಿ ಇನ್ನೊಂದು ದಿಕ್ಕಿಗೆ ಬೀಸಿತು. ಓದುಗ ಸ್ವತಂತ್ರ, ನೋಡುಗ ಜಾಣ, ಪ್ರತಿಯೊಬ್ಬರೂ ತಮ್ಮ ಅರ್ಥ ತಾವೇ ಕಟ್ಟಿಕೊಳ್ಳುತ್ತಾರೆ, ಹಾಗಾಗಿ ಸಾಮ್ರಾಜ್ಯಶಾಹಿಯ ಮಾತು ಹಳತಾಯಿತು ಎಂಬ ಧಾಟಿ ಶುರುವಾಯಿತು. ಇದು ನನಗೆ ಇನ್ನೂ ಹೆಚ್ಚು ಕಸಿವಿಸಿ ತರುತ್ತದೆ. ಅರ್ಥ ಕಟ್ಟಿಕೊಳ್ಳುವ ಸ್ವಾತಂತ್ರ್ಯ ನೋಡುಗನಿಗಿದೆ, ಸರಿ. ಯಾವುದು ತನ್ನ ಪರದೆಯ ಮೇಲೆ ಬರಬೇಕು, ಯಾವುದು ಬರಬಾರದು ಎಂದು ನಿರ್ಧರಿಸುವ ಸ್ವಾತಂತ್ರ್ಯ ಯಾರಿಗಿದೆ? ಗ್ರಾಹಕ ಜಾಣ ಎಂಬ ಮಾತನ್ನು ಮಾರುವವರೂ ಬಹಳ ಸಂತೋಷದಿಂದ ಹೇಳುತ್ತಾರೆ. ಇಂಡಿಯಾದ ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸು ಲೀ ಫಾಕ್‌ನ ಫ್ಯಾಂಟಮ್‌ನನ್ನು ನಮ್ಮ ದೇಶದ ಮನೆಮನೆಗೆ ತಂದಿತು. ಮೂಲದಲ್ಲಿ ಆ ಕಾಡಿದ್ದ ಜಾಗದ ಹೆಸರು ಬೆಂಗಾಲಿ, ಕಡಲ್ಗಳ್ಳರ ಹೆಸರು ಸಿಂಗ್. ನಮ್ಮ ಆವೃತ್ತಿಯಲ್ಲಿ ಬೆಂಗಾಲಿ ‘ಡೆಂಕಾಲಿ’ಯಾಯಿತು, ಸಿಂಗ್ ‘ಸಿಂಗಾ’ ಆಯಿತು. ಬಿಳಿಯನೊಬ್ಬ ತಲೆಮಾರುಗಳಿಂದ ಕಪ್ಪುಜನರ ಕಾಡನ್ನು ಕಾಯುವ ಕಥೆಯನ್ನು ನಾವು, ವಸಾಹತು ಆಗಿದ್ದವರು, ಯಾವ ಅಳುಕೂ ಇಲ್ಲದೆ ಸವಿದೆವು. ಎರಡು ಅಕ್ಷರ ಬದಲಾಗಿದ್ದರೆ ಸಾಕಿತ್ತು, ಆ ಕಾಡು ನಮ್ಮದಲ್ಲ ಎಂದು ನಂಬಲು. ಇಲ್ಲಿ ಓದುಗನ ಜಾಣತನ ಎಲ್ಲಿತ್ತು? ಡಾರ್ಫ್‌ಮನ್‌ನ ಪುಸ್ತಕವನ್ನು ಕಪಾಟಿಗೆ ಹಾಕಿ ಬೀಗ ಜಡಿಯಲು ಆಗದಿರುವುದು ಇದೇ ಕಾರಣಕ್ಕೆ.

ಇನ್ನು ಆ ಕಾಣೆಯಾದ ಮಗುವಿನ ವಿಷಯ. ಅದು ಪುಸ್ತಕದ ಮುಖಪುಟದಲ್ಲೇ ಇತ್ತು, ಲೇಖಕರ ಹೆಸರಾಗಿ. ಡಾರ್ಫ್‌ಮನ್ 1998ರಲ್ಲಿ ಪ್ರಕಟಿಸಿದ ಆತ್ಮಕಥೆಯನ್ನು ಓದಿದವರಿಗೆ ಇದು ತಿಳಿಯುತ್ತದೆ. ಅವನು ಹುಟ್ಟಿದ್ದು 1942ರಲ್ಲಿ, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ. ಎಡಪಂಥೀಯನಾದ ತಂದೆ ಇಟ್ಟ ಹೆಸರು ಲೆನಿನ್ನನ ನೆನಪಿಗೆ ವ್ಲಾದಿಮಿರೊ. ಎರಡೂವರೆ ವರ್ಷದ ಕೂಸಾಗಿದ್ದಾಗ ಕುಟುಂಬ ನ್ಯೂಯಾರ್ಕ್ ಸೇರಿತು. ಅಲ್ಲಿ ನ್ಯುಮೋನಿಯಾ ಬಂದು ಮೂರು ವಾರ ಆಸ್ಪತ್ರೆಯಲ್ಲಿದ್ದ. ಸುತ್ತ ಇಂಗ್ಲಿಷ್ ಮಾತ್ರ. ಹೊರಗೆ ಬಂದ ಮಗು ಮನೆಯ ಭಾಷೆ ಸ್ಪ್ಯಾನಿಷನ್ನು ಆಡಲು ನಿರಾಕರಿಸಿತು. ಹತ್ತು ವರ್ಷ ಅದನ್ನು ಬಾಯಲ್ಲಿ ತರಲಿಲ್ಲ. ಹೆಸರನ್ನೂ ಬದಲಾಯಿಸಿ ಎಡ್ವರ್ಡ್ ಎಂದುಕೊಂಡ. ಅಮೆರಿಕದ ಹಾಡು, ಸಿನಿಮಾ, ಕಾಮಿಕ್ಸು ಎಲ್ಲದರಲ್ಲೂ ಮುಳುಗಿ ಬೆಳೆದ. ಮೆಕಾರ್ಥಿ ಕಾಲದ ಕಮ್ಯುನಿಸ್ಟ್ ಬೇಟೆಯ ಬಿಸಿ ತಂದೆಗೆ ತಟ್ಟಿ 1954ರಲ್ಲಿ ಕುಟುಂಬ ಚಿಲಿಗೆ ಹೋಗದಿದ್ದರೆ ಅವನು ಅಲ್ಲೇ ಉಳಿದು ಅಲ್ಲಿಯವನೇ ಆಗಿರುತ್ತಿದ್ದ. ಚಿಲಿಯಲ್ಲಿ ಬಹುಕಾಲದವರೆಗೂ ಅವನು ಬರೆದದ್ದು ಇಂಗ್ಲಿಷಿನಲ್ಲಿ. ಆ ಭಾಷೆಯನ್ನು ಬಿಡುತ್ತೇನೆಂದು ಅವನು ನಿರ್ಧರಿಸಿದ್ದು 1960ರ ದಶಕದ ಕೊನೆಯಲ್ಲಿ, ಅದೂ ಅಮೆರಿಕದ ಬರ್ಕ್ಲಿಯಲ್ಲಿದ್ದಾಗ. ಡೊನಾಲ್ಡ್ ಡಕ್ ಪುಸ್ತಕ ಬಂದದ್ದು ಅದಾದ ಎರಡು ಮೂರು ವರ್ಷಕ್ಕೆ.

ಈಗ ಆ ಪುಸ್ತಕದ ಸಿಟ್ಟನ್ನು ಮತ್ತೆ ಓದಿ ನೋಡಿ. ಅಪ್ಪ ಅಮ್ಮ ಇಲ್ಲದ ಊರು, ತಾಯ್ನುಡಿ ಮರೆತ ಮಗು, ಗೊತ್ತಿಲ್ಲದಂತೆ ಒಳಗೆ ಇಳಿದ ಬೇರೆಯವರ ಕನಸು: ಇದು ಚಿಲಿಯ ಗಣಿ ಕಾರ್ಮಿಕರ ಮಕ್ಕಳ ಕಥೆ ಎನ್ನುವುದಕ್ಕಿಂತ ಎಡ್ವರ್ಡ್ ಎಂಬ ಹುಡುಗನ ಕಥೆ. ತನ್ನೊಳಗಿನ ಆ ಹುಡುಗನನ್ನು ಹೊರಗೆಳೆದು ಹಾಕುವ ಅವಸರ ಪುಟ ಪುಟದಲ್ಲೂ ಇದೆ. ಹಾಗೆಂದು ಮಾತ್ಲಾರ್‌ನ ಪಾಲನ್ನೂ ಪುಸ್ತಕದ ರಾಜಕೀಯವನ್ನೂ ನಾನು ಒಬ್ಬನ ಬಾಲ್ಯಕ್ಕೆ ಇಳಿಸುತ್ತಿಲ್ಲ. ಆದರೆ ಇಷ್ಟು ಕಾಣುತ್ತದೆ: ಆ ಬಾತುಕೋಳಿಗಳ ಲೋಕದಲ್ಲಿ ಪೂರ್ತಿ ಮುಳುಗಿ ಬೆಳೆದ ಮಗು ಖಾಲಿ ಪಾತ್ರೆಯಾಗಿ ಉಳಿಯಲಿಲ್ಲ. ಬೆಳೆದು ಆ ಬಾತುಕೋಳಿಯ ಮೇಲೆಯೇ ಅತ್ಯಂತ ಕಟುವಾದ ಪುಸ್ತಕ ಬರೆಯಿತು. ಪುಸ್ತಕದ ವಾದವನ್ನು ಅಲ್ಲಗಳೆಯುವ ಗಟ್ಟಿ ಸಾಕ್ಷಿ ಪುಸ್ತಕವೇ. ಮುಂದೆ ದೇಶಭ್ರಷ್ಟನಾಗಿ ಊರೂರು ಅಲೆದು ಅವನು ಕೊನೆಗೆ ನೆಲೆಸಿದ್ದು, ಪಾಠ ಮಾಡಿದ್ದು ಅಮೆರಿಕದಲ್ಲಿ. ಬಿಟ್ಟ ಇಂಗ್ಲಿಷಿಗೂ ಮರಳಿದ.

ಡಾರ್ಫ್‌ಮನ್ 1983ರಲ್ಲಿ ಜನಪ್ರಿಯ ಸಾಹಿತ್ಯದ ಬಗ್ಗೆ ಇನ್ನೊಂದು ಪುಸ್ತಕ ತಂದ. ಅದರ ಆರಂಭದಲ್ಲಿ, ಕೊನೆಗೂ, ಒಬ್ಬ ಓದುಗಳು ಬರುತ್ತಾಳೆ. ಅಲೆಂಡೆ ಅಧಿಕಾರಕ್ಕೆ ಬರುವ ಮೊದಲು ಸಾಂತಿಯಾಗೊದ ಒಂದು ಕೊಳೆಗೇರಿಯಲ್ಲಿದ್ದ ಬಡ ಹೆಂಗಸು. ಫೋಟೋಗಳಲ್ಲಿ ಪ್ರೇಮಕಥೆ ಹೇಳುವ ಅಗ್ಗದ ಪತ್ರಿಕೆಗಳೆಂದರೆ ಅವಳಿಗೆ ಪ್ರಾಣ. ಇವನು ಅವುಗಳನ್ನು ಟೀಕಿಸುತ್ತಿರುವುದು ತಿಳಿದು, ನನ್ನ ಕನಸುಗಳನ್ನು ಕಿತ್ತುಕೊಳ್ಳಬೇಡಿ ಎಂದು ಕೇಳಿಕೊಂಡಳು. ಇವನಿಗೆ ಅವಳನ್ನು ಒಪ್ಪಿಸಲಾಗಲಿಲ್ಲ. ಅಲೆಂಡೆಯ ಕಾಲದಲ್ಲಿ ಅವ‌ಳೇ ಮತ್ತೆ ಸಿಕ್ಕಳು. ಈಗ ಅಂಥದ್ದನ್ನು ಓದುವುದಿಲ್ಲ, ಈಗ ನಾವು ನಿಜವನ್ನೇ ಕನಸು ಕಾಣುತ್ತಿದ್ದೇವೆ ಎಂಬರ್ಥದ ಮಾತು ಹೇಳಿದಳು. ಅವಳು ಓದುವುದನ್ನು ಬಿಟ್ಟದ್ದು ವಿಮರ್ಶೆ ಕೇಳಿ ಅಲ್ಲ. ಅವಳ ಬೀದಿಯಲ್ಲಿ ಏನೋ ಬದಲಾಗಿತ್ತು. ಅದಾಗಿ ಸ್ವಲ್ಪವೇ ಸಮಯಕ್ಕೆ ಸೆಪ್ಟೆಂಬರ್ 11 ಬಂತು. ಆ ಬೀದಿಗೆ ಸೈನಿಕರು ಬಂದ ಮೇಲೆ ಅವಳು ಏನು ಓದಿದಳೋ, ಬರೆದಿಟ್ಟುಕೊಂಡವರು ಯಾರೂ ಇಲ್ಲ.